ಮೊದಲು ಮನೆಗೆ 125 ರೂಪಾಯಿ, ಆಮೇಲೆ ಸೋಲಾರ್

ಹುಬ್ಬಳ್ಳಿ ನವನಗರದ ನಿವೃತ್ತ ಮಾಸ್ತರರೊಬ್ಬರ ಪತ್ರ: "ನಮ್ಮದು ಹಳೆಯ ಅಪಾರ್ಟ್‌ಮೆಂಟ್. 24 ಸಣ್ಣ ಮನೆ, ಲಿಫ್ಟ್ ಇಲ್ಲ. ಮೆಟ್ಟಿಲ ದೀಪ, ನೀರಿನ ಮೋಟರ್ ಎರಡಕ್ಕೇ ತಿಂಗಳಿಗೆ ನಾಲ್ಕು ಸಾವಿರದ ಹತ್ತಿರ ಬಿಲ್ ಬರುತ್ತದೆ. ನಾಲ್ಕು ಕಿಲೋವ್ಯಾಟ್ ಸೋಲಾರ್ ಹಾಕಿಸಿ ಅಂತಾರೆ. ಅರ್ಧ ಮನೆಗಳಲ್ಲಿ ಬಾಡಿಗೆಯವರು, ಮಾಲೀಕರು ಬೆಂಗಳೂರು, ಪುಣೆಯಲ್ಲಿ. ಸಾಲ ಮಾಡೋಣವೇ?"

ಮಾಸ್ತರರೇ, ಸಾಲದ ಮಾತು ಸದ್ಯಕ್ಕೆ ಬೇಡ. ನಿಮ್ಮ ಸಂಘ ಇನ್ನೂ ನೋಂದಣಿ ಆಗಿಲ್ಲ ಎಂದೂ ಬರೆದಿದ್ದೀರಿ. ಹಾಗಿದ್ದರೆ ಬ್ಯಾಂಕಿನ ಬಾಗಿಲಲ್ಲೇ ಕೆಲಸ ನಿಲ್ಲುತ್ತದೆ.

ಮನೆಯೊಳಗಿನ ಫ್ಯಾನು, ಬಲ್ಬುಗಳನ್ನೂ ಈಗ ಬಿಡಿ. ಕಡಿಮೆ ಕರೆಂಟಿನಲ್ಲಿ ತಿರುಗುವ 28 ವ್ಯಾಟಿನ ಹೊಸ ಬಗೆಯ (ಬಿಎಲ್‌ಡಿಸಿ) ಫ್ಯಾನು ಒಳ್ಳೆಯದೇ, ಹಳೆಯದು 75 ವ್ಯಾಟ್ ತಿನ್ನುತ್ತದೆ. ಆದರೆ ಗೃಹಜ್ಯೋತಿ ಬಂದ ಮೇಲೆ ಸೊನ್ನೆ ಬಿಲ್ ಬರುವ ಮನೆಯವರು ಮೂರು ಸಾವಿರ ಕೊಟ್ಟು ಫ್ಯಾನು ಯಾಕೆ ಬದಲಿಸುತ್ತಾರೆ? ಎಲ್ಲರ ಜೇಬಿಗೂ ತಟ್ಟುವುದು ಮೆಟ್ಟಿಲ ದೀಪ, ಮೋಟರಿನ ಕಾಮನ್ ಮೀಟರ್ ಒಂದೇ. ಅಲ್ಲಿಂದಲೇ ಶುರು ಮಾಡಿ.

12 ಟ್ಯೂಬ್‌ಲೈಟ್ ಇವೆ ಎಂದಿದ್ದೀರಿ. ಹಳೆಯ ಚೋಕಿನ ಟ್ಯೂಬ್ ಒಂದಕ್ಕೆ 50 ವ್ಯಾಟ್ ಹಿಡಿಯೋಣ. ರಾತ್ರಿಯಿಡೀ 12 ಗಂಟೆ ಉರಿದರೆ ತಿಂಗಳಿಗೆ 216 ಯೂನಿಟ್. 20 ವ್ಯಾಟಿನ ಎಲ್‌ಇಡಿ ಹಾಕಿದರೆ 86. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ ತಿಂಗಳಿಗೆ 900 ರೂಪಾಯಿ ಉಳಿಯಿತು. ದೀಪಕ್ಕೆ 250ರಂತೆ ಒಟ್ಟು ಖರ್ಚು 3,000, ಅಂದರೆ ಮನೆಗೆ 125. ಇಷ್ಟಕ್ಕೆ ಪುಣೆಯ ಮಾಲೀಕರನ್ನು ಕಾಯಬೇಕಾಗಿಲ್ಲ ಅಲ್ವಾ?

ಮುಂದಿನದು ಮೋಟರ್. ನಮ್ಮ ಕಟ್ಟಡದಲ್ಲಿ ಟಾಕಿ ತುಂಬಿ ಮಾಳಿಗೆಯಿಂದ ನೀರು ಸುರಿಯುವ ಸದ್ದು ಕೇಳಿದ ಮೇಲೇ ಯಾರಾದರೂ ಸ್ವಿಚ್ಚಿನ ಕಡೆ ಓಡುತ್ತಿದ್ದರು. "ಅವರು ಬಂದ್ ಮಾಡ್ತಾರ ಬಿಡು" ಅಂತ ಎಲ್ಲರೂ ಕೂತಿರುತ್ತಿದ್ದೆವು, ನಾನೂ ಸೇರಿ. ಐದು ಎಚ್‌ಪಿ ಮೋಟರ್ ಗಂಟೆಗೆ ಸುಮಾರು ನಾಲ್ಕೂವರೆ ಯೂನಿಟ್ ಎಳೆಯುತ್ತದೆ. ದಿನಕ್ಕೆ ಅರ್ಧ ಗಂಟೆ ಸುಮ್ನೆ ಓಡಿದರೆ ತಿಂಗಳಿಗೆ 67 ಯೂನಿಟ್ ಚರಂಡಿಗೆ, ಜೊತೆಗೆ ನೀರೂ. ಟಾಕಿ ತುಂಬಿದ ಕೂಡಲೇ ತಾನೇ ಬಂದ್ ಆಗುವ ಕಂಟ್ರೋಲರ್ ಹಾಕಿಸಿ. ಅದರ ದುಡ್ಡು ದೀಪದ ಉಳಿತಾಯದಿಂದಲೇ ಬರಬೇಕು.

ಅದಕ್ಕೇ ಬಿಲ್ ಇಳಿದ ತಿಂಗಳೇ ಮೆಂಟೆನನ್ಸ್ ಇಳಿಸಬೇಡಿ. ಒಂದು ವರ್ಷ ಹಿಂದಿನಷ್ಟೇ ವಸೂಲಿ ಮಾಡಿ, ಉಳಿದದ್ದನ್ನು ಬೇರೆ ಖಾತೆಗೆ ಹಾಕಿ. ಭಿಶಿಯ (ಚೀಟಿಯ) ಹಾಗೇ, ಒಂದು ಕೆಲಸದ ಉಳಿತಾಯ ಮುಂದಿನ ಕೆಲಸಕ್ಕೆ. ಮೊದಲಿನ ಆ 125 ಬಿಟ್ಟರೆ ಬಾಡಿಗೆಯವರಿಗೆ ಒಂದು ರೂಪಾಯಿಯೂ ಜಾಸ್ತಿ ಬೀಳುವುದಿಲ್ಲ, ಹಾಗಾಗಿ ಅವರ ತಕರಾರೂ ಕಡಿಮೆ.

ಸೋಲಾರ್ ಆಮೇಲೆ. ನಿಮ್ಮ ಈಗಿನ ಬಳಕೆಗೆ ನಾಲ್ಕು ಕಿಲೋವ್ಯಾಟ್ ಬೇಕೆಂದದ್ದು ಸುಳ್ಳಲ್ಲ. ಈ ಎರಡು ಕೆಲಸ ಮುಗಿದ ಮೇಲೆ ಎರಡೂವರೆಯೇ ಸಾಕು. ಒಂದು ಕಿಲೋವ್ಯಾಟಿಗೆ ದಿನಕ್ಕೆ ನಾಲ್ಕು ಯೂನಿಟ್ ಲೆಕ್ಕ. 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಅಪಾರ್ಟ್‌ಮೆಂಟಿನ ಸಾಮಾನ್ಯ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಬ್ಸಿಡಿ ಇದೆ. ಅದು ಸೋಲಾರ್ ಕೂರಿಸಿದ ಮೇಲೆ ಖಾತೆಗೆ ಬರುವ ಹಣ, ಮೊದಲು ಪೂರ್ತಿ ನೀವೇ ಹಾಕಬೇಕು. ಮಾಲೀಕರ ಪಾಲು ಕೇಳಬೇಕಾದದ್ದು ಆಗ. ಅಷ್ಟರೊಳಗೆ ಸಂಘದ ನೋಂದಣಿ ಮುಗಿಸಿ, ಸಂಘದ ಹೆಸರಿನಲ್ಲೇ ಬ್ಯಾಂಕ್ ಖಾತೆ ತೆರೆಯಿರಿ.

ಸಭೆಗೆ ಹೋಗುವಾಗ ಕಾಮನ್ ಮೀಟರಿನ 12 ತಿಂಗಳ ಹೆಸ್ಕಾಂ ಬಿಲ್‌ಗಳು ಕೈಯಲ್ಲಿರಲಿ. ಏಪ್ರಿಲ್‌ನದೊಂದನ್ನೇ ಒಯ್ದರೆ, "ಬ್ಯಾಸಗಿಯಾಗ ಹಂಗ ಬರ್ತೈತ್ರಿ" ಅಂತ ಹೇಳಿ ಎದ್ದು ಹೋಗುತ್ತಾರೆ.