ಅಮೆರಿಕದಲ್ಲಿ ಡಾಲರ್ ಎಣಿಸುವ ನಮ್ಮೂರ ಹುಡುಗರೂ ತಿಂಗಳ ಕೊನೆಗೆ ಕೈ ಖಾಲಿ ಅಂತಾರಲ್ಲ, ಯಾಕೆ?

ದುಡಿಮೆ ಡಾಲರಿನಲ್ಲಾದರೆ ಖರ್ಚೂ ಡಾಲರಿನಲ್ಲೇ. ನಾವು ಚಿಕ್ಕಮಗಳೂರಲ್ಲಿ ಕೂತು ಸಂಬಳವನ್ನಷ್ಟೇ ರೂಪಾಯಿಗೆ ಗುಣಿಸ್ತೀವಿ. ಶ್ರೀಮಂತ ದೇಶದಲ್ಲಿ ನಿಜವಾಗಿ ದುಬಾರಿ ಆಗೋದು ಸಾಮಾನಿಗಿಂತ ಮನುಷ್ಯನ ದುಡಿಮೆ, ಇರೋ ಜಾಗ.

ನಮ್ಮ ಕಾಫಿಯನ್ನೇ ನೋಡಿ. ಅರೇಬಿಕಾ ತಳಿಯ ಕಾಫಿ ದರ ನ್ಯೂಯಾರ್ಕ್ ಮಾರುಕಟ್ಟೆ ನೋಡಿಕೊಂಡೇ ಏರಿಳಿಯುತ್ತೆ, ಬೀಜದ ಬೆಲೆಯಲ್ಲಿ ಆಕಾಶ-ಭೂಮಿ ಅಂತರವಿಲ್ಲ. ಆದರೆ ಇಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ 20 ರೂಪಾಯಿಗೆ ಕುಡಿಯೋ ಲೋಟಕ್ಕೆ ಅಲ್ಲಿ ಮೂರ್ನಾಲ್ಕು ಡಾಲರ್. ಅದರಲ್ಲಿ ಬಹುಪಾಲು ಅಂಗಡಿ ಬಾಡಿಗೆ, ಕಾಫಿ ಮಾಡೋನ ಕೂಲಿ. ಪಕ್ಕದಲ್ಲೇ ಹೆಚ್ಚು ಸಂಬಳದ ಕೆಲಸ ಇರುವಾಗ ಕಮ್ಮಿ ಕೂಲಿಗೆ ಅವನ್ಯಾಕೆ ನಿಲ್ತಾನೆ? ಕಟಿಂಗ್, ಪ್ಲಂಬರ್, ಮಗು ನೋಡಿಕೊಳ್ಳೋರು, ಎಲ್ಲಕ್ಕೂ ಇದೇ ಲೆಕ್ಕ. ಐಫೋನ್ ಮಾತ್ರ ಅಲ್ಲೇ ಅಗ್ಗ!