ಲಿನಕ್ಸ್ ಸರ್ವರ್‌ನಿಂದ ಫೈಲ್ ತೆಗೆಯುವಾಗ ಮಾತ್ರ ನಿಧಾನ: ಡ್ರೈವರ್‌ಗೆ ಕೈ ಹಾಕುವ ಮೊದಲು ಇಷ್ಟು ನೋಡಿ

ನಮಸ್ಕಾರ ಸರ್. ನೀವು ಬರೆದದ್ದು ನನಗೆ ಅರ್ಥವಾದದ್ದು ಹೀಗೆ: ಹಳೆ ಡೆಸ್ಕ್‌ಟಾಪ್‌ಗೆ ಡೆಬಿಯನ್ 12 ಹಾಕಿ ಮನೆಯ ಫೈಲ್ ಸರ್ವರ್ ಮಾಡಿದ್ದೀರಿ. ಬೋರ್ಡ್‌ನಲ್ಲೇ ರಿಯಲ್‌ಟೆಕ್ 8168 ಕಾರ್ಡ್ ಇದೆ, ಸ್ವಿಚ್ ಗಿಗಾಬಿಟ್. ಲ್ಯಾಪ್‌ಟಾಪ್‌ನಿಂದ ಫೈಲ್ ಹಾಕಿದರೆ ಸೆಕೆಂಡಿಗೆ 110 ಎಂಬಿ ಹೋಗುತ್ತದೆ. ಅದೇ ಫೈಲ್ ವಾಪಸ್ ತೆಗೆದರೆ 30ಕ್ಕೆ ಇಳಿಯುತ್ತದೆ, ನಡುನಡುವೆ ಪೂರ್ತಿ ನಿಂತೇ ಬಿಡುತ್ತದೆ. ‘ನೆಟ್‌ವರ್ಕ್ ವೇಗ ಹೆಚ್ಚಿಸುವ’ ಒಂದು ಸ್ಕ್ರಿಪ್ಟ್ ಕೂಡ ಹಾಕಿದ್ದೀರಿ. ಈಗ ಕರ್ನಲ್ (ಲಿನಕ್ಸ್‌ನ ತಿರುಳು) ಜೊತೆಗೇ ಬರುವ ಆರ್8169 ಡ್ರೈವರ್ ತೆಗೆದು ಕಂಪನಿಯ ಆರ್8168 ಹಾಕಲಾ ಅಂತ ನಿಮ್ಮ ಪ್ರಶ್ನೆ.

ಈಗಲೇ ಬೇಡ. ನನಗೆ ಆ ಸ್ಕ್ರಿಪ್ಟ್ ಮೇಲೇ ಅನುಮಾನ. ಆದರೆ ಅನುಮಾನದ ಮೇಲೆ ಏನನ್ನೂ ಬದಲಾಯಿಸಬೇಡಿ, ಮೊದಲು ಅಳೆಯಿರಿ.

ಸಾಂಬಾದಲ್ಲಿ (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ಪ್ರೋಗ್ರಾಂ) ಫೈಲ್ ಕಾಪಿ ಮಾಡಿ ನೋಡುವುದು ನೆಟ್‌ವರ್ಕ್ ಪರೀಕ್ಷೆ ಅಲ್ಲ. ಅದರಲ್ಲಿ ಡಿಸ್ಕ್, ಸಾಂಬಾ, ಲ್ಯಾಪ್‌ಟಾಪ್‌ನ ಆಂಟಿವೈರಸ್ ಎಲ್ಲಾ ಸೇರಿರುತ್ತವೆ. ಎರಡೂ ಕಡೆ ಐಪರ್ಫ್3 ಹಾಕಿ, ಅದು ಬರೀ ನೆಟ್‌ವರ್ಕ್ ವೇಗ ಅಳೆಯುವ ಪ್ರೋಗ್ರಾಂ. ಸರ್ವರ್‌ನಲ್ಲಿ ಮೈನಸ್ ಸಣ್ಣ ಎಸ್ ಕೊಟ್ಟು ಓಡಿಸಿ. ಲ್ಯಾಪ್‌ಟಾಪ್‌ನಲ್ಲಿ ಮೈನಸ್ ಸಣ್ಣ ಸಿ ಕೊಟ್ಟು ಸರ್ವರ್‌ನ ಐಪಿ ಬರೆಯಿರಿ. ಇದು ಸರ್ವರ್‌ಗೆ ಕಳಿಸುವ ದಿಕ್ಕು. ಅದೇ ಸಾಲಿನ ಕೊನೆಗೆ ಮೈನಸ್ ದೊಡ್ಡ ಆರ್ ಸೇರಿಸಿದರೆ ದಿಕ್ಕು ತಿರುಗುತ್ತದೆ, ಸರ್ವರ್ ಕಳಿಸುತ್ತದೆ. ಹೆಡರ್‌ಗಳ ಪಾಲು ಕಳೆದರೆ ಗಿಗಾಬಿಟ್‌ನಲ್ಲಿ 940 ಮೆಗಾಬಿಟ್ ಆಸುಪಾಸು ಬರಬೇಕು. ಎರಡೂ ದಿಕ್ಕಿನಲ್ಲಿ ಅಷ್ಟು ಬಂದರೆ ನೆಟ್‌ವರ್ಕ್ ಡ್ರೈವರ್ ಸರಿಯಿದೆ, ತೊಂದರೆ ಡಿಸ್ಕ್, ಸಾಂಬಾ ಅಥವಾ ಆಂಟಿವೈರಸ್‌ನಲ್ಲಿದೆ. ತಿರುಗಿಸಿದಾಗ ಮಾತ್ರ ವೇಗ ಬಿದ್ದರೆ ಸರ್ವರ್ ಪರದೆಯಲ್ಲಿ ‘ರೆಟ್ರ್’ ಅನ್ನುವ ಕಾಲಂ ನೋಡಿ. ಮತ್ತೆ ಕಳಿಸಬೇಕಾಗಿ ಬಂದ ಪ್ಯಾಕೆಟ್‌ಗಳ ಲೆಕ್ಕ ಅದು. ಪ್ರತಿ ಸಾಲಿನಲ್ಲೂ ಅಲ್ಲಿ ನೂರಾರು ಕಾಣಿಸಿದರೆ ಪ್ಯಾಕೆಟ್ ದಾರಿಯಲ್ಲಿ ಕಳೆಯುತ್ತಿದೆ ಎಂದರ್ಥ.

(ಇದನ್ನು ಓದುತ್ತಿರುವ ಬೇರೆಯವರಿಗೆ: ಎರಡೂ ದಿಕ್ಕಿನಲ್ಲಿ 94ರ ಹತ್ತಿರ ಬಂದರೆ ಲಿಂಕ್ 100ಕ್ಕೆ ಇಳಿದಿದೆ. ಗಿಗಾಬಿಟ್‌ಗೆ ಕೇಬಲ್‌ನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಸಾಕು. ಮೊದಲು ಕೇಬಲ್ ಬದಲಾಯಿಸಿ.)

ಆಮೇಲೆ ಡಿಮೆಸೇಜ್ (ಕರ್ನಲ್‌ನ ಸಂದೇಶಗಳ ಪಟ್ಟಿ) ತೆಗೆದು ಆರ್8169 ಅಂತ ಹುಡುಕಿ. ಮೊದಲು ಸಿಗುವ ಸಾಲುಗಳಲ್ಲಿ ಚಿಪ್‌ನ ಪೂರ್ತಿ ಹೆಸರು ಮತ್ತು ಎಕ್ಸ್‌ಐಡಿ ಅಂತ ಒಂದು ಸಂಖ್ಯೆ ಇರುತ್ತದೆ. ಇದು ಮುಖ್ಯ. 8168 ಹೆಸರಿನಲ್ಲಿ ಹಲವು ಆವೃತ್ತಿಯ ಚಿಪ್ ಇವೆ, ಎಲ್ಲಕ್ಕೂ ಪಿಸಿಐ ಐಡಿ (ಕಾರ್ಡ್ ಗುರುತಿಸುವ ಸಂಖ್ಯೆ) ಒಂದೇ. ‘ನನ್ನದೂ ಅದೇ ಕಾರ್ಡ್, ನನಗೇನೂ ತೊಂದರೆ ಇಲ್ಲ’ ಅನ್ನುವವರ ಚಿಪ್ ಬೇರೆಯೇ ಇರಬಹುದು, ಅಲ್ವಾ? ಫರ್ಮ್‌ವೇರ್ (ಕಾರ್ಡ್‌ನ ಒಳಗೆ ಓಡುವ ಸಾಫ್ಟ್‌ವೇರ್) ಸಿಗಲಿಲ್ಲ ಅನ್ನುವ ಸಾಲಿದ್ದರೆ ಫರ್ಮ್‌ವೇರ್-ರಿಯಲ್‌ಟೆಕ್ ಪ್ಯಾಕೇಜ್ ಹಾಕಿ. ಡೆಬಿಯನ್ 12ರಲ್ಲಿ ಇದಕ್ಕೆ ನಾನ್-ಫ್ರೀ-ಫರ್ಮ್‌ವೇರ್ ಅನ್ನುವ ಪ್ರತ್ಯೇಕ ವಿಭಾಗವೇ ಇದೆ. ಕಾಪಿ ನಿಂತ ಹೊತ್ತಿಗೆ ಸರಿಯಾಗಿ ‘ನೆಟ್‌ಡೆವ್ ವಾಚ್‌ಡಾಗ್... ಟ್ರಾನ್ಸ್‌ಮಿಟ್ ಕ್ಯೂ 0 ಟೈಮ್ಡ್ ಔಟ್’ ಅಂತ ಇದ್ದರೆ, ಕಳಿಸಲು ಕಾದಿರುವ ಪ್ಯಾಕೆಟ್‌ಗಳ ಸರದಿ ಕಾರ್ಡ್‌ನಲ್ಲೇ ಸಿಕ್ಕಿಕೊಂಡಿದೆ, ಡ್ರೈವರ್ ಅದನ್ನು ರೀಸೆಟ್ ಮಾಡಿ ಮತ್ತೆ ಎಬ್ಬಿಸುತ್ತಿದೆ. ನಿಮಗೆ ಇದೇ ಸಿಗುತ್ತದೆ ಅಂತ ನನ್ನ ಎಣಿಕೆ.

ಯಾಕೆ ಅಂದರೆ, ಇಂಥ ಸ್ಕ್ರಿಪ್ಟ್‌ಗಳು ಸಾಮಾನ್ಯವಾಗಿ ಟಿಎಸ್‌ಒ ಆನ್ ಮಾಡುತ್ತವೆ. ಟಿಎಸ್‌ಒ ಇದ್ದರೆ ಕರ್ನಲ್ ಡೇಟಾವನ್ನು ದೊಡ್ಡ ತುಂಡಾಗಿ, ಕೆಲವೊಮ್ಮೆ 64 ಕೆಬಿವರೆಗೆ, ಕಾರ್ಡ್‌ಗೆ ಕೊಡುತ್ತದೆ. 1500 ಬೈಟ್‌ನ ಪ್ಯಾಕೆಟ್‌ಗಳಾಗಿ ಕತ್ತರಿಸುವ ಕೆಲಸ ಕಾರ್ಡ್‌ನದು. ಸಿಪಿಯು ಹೊರೆ ಕಡಿಮೆಯಾಗುತ್ತದೆ, ನಿಜ. ಆದರೆ ಆರ್8169ರ ಸೋರ್ಸ್ ಕೋಡ್‌ನಲ್ಲೇ ಒಂದು ಟಿಪ್ಪಣಿ ಇದೆ: ಟಿಎಸ್‌ಒ ಮತ್ತು ಸ್ಕ್ಯಾಟರ್-ಗ್ಯಾದರ್‌ನಿಂದ (ಎಸ್‌ಜಿ, ಮೆಮೊರಿಯ ಬೇರೆಬೇರೆ ಕಡೆ ಇರುವ ಡೇಟಾವನ್ನು ಕಾರ್ಡ್ ತಾನೇ ಒಟ್ಟುಗೂಡಿಸುವುದು) ಟ್ರಾನ್ಸ್‌ಮಿಟ್ ಟೈಮ್‌ಔಟ್ ಆಗುತ್ತಿದೆ ಅಂತ ಹಲವು ವರದಿ ಬಂದಿವೆ, ಬಹಳ ಜನರಿಗೆ ಸರಿಯಾಗಿಯೇ ನಡೆಯುತ್ತದೆ, ಹಾಗಾಗಿ ಕೆಲವು ಹೊಸ ಚಿಪ್‌ಗಳನ್ನು ಬಿಟ್ಟು ಉಳಿದವಲ್ಲಿ ಎರಡನ್ನೂ ಮೊದಲಿಗೆ ಆಫ್ ಇಟ್ಟಿದ್ದೇವೆ, ಆನ್ ಮಾಡುವವರು ತಮ್ಮ ಹೊಣೆಯಲ್ಲಿ ಮಾಡಿಕೊಳ್ಳಲಿ ಎಂದು. ಡ್ರೈವರ್ ಬರೆದವರು ತಿಳಿದೇ ಆಫ್ ಮಾಡಿದ್ದನ್ನು ಸ್ಕ್ರಿಪ್ಟ್ ಆನ್ ಮಾಡಿರಬಹುದು. ಕಳಿಸುವಾಗ ಮಾತ್ರ ತೊಂದರೆ ಅನ್ನುವುದಕ್ಕೂ ಇದು ಹೊಂದುತ್ತದೆ, ಟಿಎಸ್‌ಒ ಇರುವುದೇ ಕಳಿಸುವ ಕಡೆಗೆ.

ಇಥ್‌ಟೂಲ್ ಅನ್ನುವ, ಕಾರ್ಡ್‌ನ ಸೆಟ್ಟಿಂಗ್ ನೋಡಿ ಬದಲಾಯಿಸುವ ಕಮಾಂಡ್‌ಗೆ ಮೈನಸ್ ಸಣ್ಣ ಕೆ ಕೊಟ್ಟು ಕಾರ್ಡ್ ಹೆಸರು ಬರೆದರೆ ಏನೇನು ಆನ್ ಇದೆ ಅಂತ ತೋರಿಸುತ್ತದೆ. ದೊಡ್ಡ ಕೆ ಕೊಟ್ಟರೆ ಬದಲಾಯಿಸುತ್ತದೆ. ಟಿಎಸ್‌ಒ ಆಫ್, ಎಸ್‌ಜಿ ಆಫ್ ಮಾಡಿ, ತಕ್ಷಣ ಐಪರ್ಫ್3 ತಿರುಗಿಸಿ ಓಡಿಸಿ. ಹಾಗೆ ಕೈಯಿಂದ ಕೊಟ್ಟದ್ದು ರೀಬೂಟ್ ಆದರೆ ಹೋಗಿಬಿಡುತ್ತದೆ, ಧೈರ್ಯವಾಗಿ ಮಾಡಿ. ವೇಗ ಸರಿಹೋದರೆ ಸ್ಕ್ರಿಪ್ಟ್ ಎಲ್ಲಿ ಕೂತಿದೆ ಅಂತ ಹುಡುಕಿ: ನೆಟ್‌ವರ್ಕ್ ಇಂಟರ್‌ಫೇಸಸ್ ಫೈಲ್, ಆರ್‌ಸಿ ಲೋಕಲ್, ಇಲ್ಲವೇ ಯಾವುದಾದರೂ ಸಿಸ್ಟಮ್‌ಡಿ ಸರ್ವಿಸ್. ಅಲ್ಲಿಂದ ತೆಗೆದುಬಿಡಿ. ಆಫ್ ಮಾಡಿದ ಮೇಲೆ ಟಾಪ್ ಕಮಾಂಡ್‌ನಲ್ಲಿ ಸಿಪಿಯು ಹೊರೆ ತೋರಿಸುವ ಸಾಲಿನ ‘ಎಸ್‌ಐ’ ಅನ್ನುವ ಅಂಕಿ ಸ್ವಲ್ಪ ಏರುತ್ತದೆ, ಗಾಬರಿ ಬೇಡ. ಗಿಗಾಬಿಟ್‌ಗೆ ಹಳೆ ಸಿಪಿಯು ಕೂಡ ಸಾಮಾನ್ಯವಾಗಿ ಸಾಕಾಗುತ್ತದೆ.

ಟಿಎಸ್‌ಒ ಮೊದಲೇ ಆಫ್ ಇದ್ದರೆ? ಆಗ ಡಿಮೆಸೇಜ್‌ನಲ್ಲಿ ಲಿಂಕ್ ಡೌನ್, ಲಿಂಕ್ ಅಪ್ ಅಂತ ಪದೇಪದೇ ಬರುತ್ತಿದೆಯಾ ನೋಡಿ. ಬರುತ್ತಿದ್ದರೆ ಕೇಬಲ್ ಮತ್ತು ಸ್ವಿಚ್ ಪೋರ್ಟ್ ಬದಲಾಯಿಸಿ, ಆಮೇಲೆ ಇಥ್‌ಟೂಲ್‌ನಿಂದ ಇಇಇ ಅನ್ನುವ ವಿದ್ಯುತ್ ಉಳಿತಾಯ ಆಫ್ ಮಾಡಿ. ಲಿಂಕ್ ಬೀಳದೆ ಬರೀ ವಾಚ್‌ಡಾಗ್ ಸಾಲು ಬರುತ್ತಿದ್ದರೆ, ಕರ್ನಲ್‌ನ ಬೂಟ್ ಸಾಲಿಗೆ ಪಿಸಿಐಇ ಎಎಸ್‌ಪಿಎಂ (ಕಾರ್ಡ್ ಕೂರುವ ಪಿಸಿಐಇ ಸಂಪರ್ಕದ ವಿದ್ಯುತ್ ಉಳಿತಾಯ) ಆಫ್ ಸೇರಿಸಿ ಒಮ್ಮೆ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಸಲ ಐಪರ್ಫ್3. ನಾಲ್ಕು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ಯಾವತ್ತೂ ಗೊತ್ತಾಗುವುದಿಲ್ಲ.

ಇದ್ಯಾವುದೂ ಆಗದಿದ್ದರೆ ಬ್ಯಾಕ್‌ಪೋರ್ಟ್ಸ್‌ನಿಂದ (ಡೆಬಿಯನ್‌ನ ಹೊಸ ಪ್ಯಾಕೇಜ್‌ಗಳ ವಿಭಾಗ) ಹೊಸ ಕರ್ನಲ್ ಹಾಕಿ ನೋಡಿ. ಅದರಲ್ಲಿ ಹೊಸ ಆರ್8169 ಬರುತ್ತದೆ, ಸರಿಬರದಿದ್ದರೆ ಬೂಟ್ ಮೆನುವಿನಲ್ಲಿ ಹಳೆಯದನ್ನೇ ಆರಿಸಬಹುದು. ಕಂಪನಿಯ ಡ್ರೈವರ್ ಅದಕ್ಕೂ ಆಮೇಲೆ. ಅದು ಡಿಕೆಎಂಎಸ್‌ನಲ್ಲಿ (ಹೊರಗಿನ ಡ್ರೈವರ್‌ಗಳನ್ನು ಬಿಲ್ಡ್ ಮಾಡುವ ವ್ಯವಸ್ಥೆ) ಪ್ರತಿ ಕರ್ನಲ್ ಅಪ್‌ಡೇಟ್‌ಗೂ ಹೊಸದಾಗಿ ಬಿಲ್ಡ್ ಆಗಬೇಕು. ಒಂದು ಸಲ ಬಿಲ್ಡ್ ತಪ್ಪಿದರೆ, ಆರ್8169 ಬ್ಲ್ಯಾಕ್‌ಲಿಸ್ಟ್ ಆಗಿರುವುದರಿಂದ, ಅಂದರೆ ಲೋಡ್ ಆಗದಂತೆ ತಡೆದಿರುವುದರಿಂದ, ಸರ್ವರ್‌ಗೆ ನೆಟ್ಟೇ ಇರುವುದಿಲ್ಲ. ಸೆಕ್ಯೂರ್ ಬೂಟ್ ಆನ್ ಇದ್ದರೆ ಮಾಡ್ಯೂಲ್‌ಗೆ ಸಹಿ ಹಾಕುವ ಕೆಲಸ ಬೇರೆ. ಹಾಕಲೇಬೇಕಾಗಿ ಬಂದರೆ ಎಸ್‌ಎಸ್‌ಎಚ್‌ನಲ್ಲಿ, ಅಂದರೆ ದೂರದಿಂದ ನೆಟ್‌ವರ್ಕ್ ಮೂಲಕ ಲಾಗಿನ್ ಆಗಿ ಮಾಡಬೇಡಿ, ಸರ್ವರ್‌ಗೆ ಮಾನಿಟರ್, ಕೀಬೋರ್ಡ್ ಜೋಡಿಸಿಕೊಂಡೇ ಮಾಡಿ.

ಐಪರ್ಫ್3ರ ಎರಡೂ ದಿಕ್ಕಿನ ಫಲಿತಾಂಶ, ಎಕ್ಸ್‌ಐಡಿ ಇರುವ ಸಾಲು, ಸಣ್ಣ ಕೆ ತೋರಿಸಿದ ಪಟ್ಟಿ, ಈ ಮೂರನ್ನೂ ಇಲ್ಲೇ ಹಾಕಿ. ಫೋಟೋ ಬೇಡ ಸರ್, ಟೆಕ್ಸ್ಟ್ ಆಗಿ ಅಂಟಿಸಿ. ಹಾಕುವಾಗ ಮ್ಯಾಕ್ ಅಡ್ರೆಸ್ ಅಳಿಸಿಬಿಡಿ.