ಗ್ರಂಥಾಲಯದ ಸೂಚಿ ಯಾರ ಕೈಯಲ್ಲಿರಬೇಕು?

ಮಾನ್ಯ ಓದುಗರೇ,

ಗ್ರಂಥಾಲಯಗಳ ಆಧುನೀಕರಣವನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ತಾವು ಬರೆದ ಪತ್ರ ತಲುಪಿದೆ. ಎರವಲನ್ನು ತಾನೇ ದಾಖಲಿಸುವ ಯಂತ್ರ, ಮನೆಯಲ್ಲೇ ಓದಬಹುದಾದ ಇ-ಪುಸ್ತಕ, ಕ್ಷಣದಲ್ಲಿ ಉತ್ತರ ತರುವ ಹುಡುಕುಯಂತ್ರ ಇವೆಲ್ಲ ಇರುವಾಗ ಸೂಚೀಕರಣ (ಪುಸ್ತಕದ ವಿವರಗಳನ್ನು ಗ್ರಂಥಾಲಯದ ಸೂಚಿ, ಅಂದರೆ ಕ್ಯಾಟಲಾಗಿನಲ್ಲಿ ದಾಖಲಿಸುವುದು), ವರ್ಗೀಕರಣ (ವಿಷಯವಾರು ವಿಂಗಡಿಸುವುದು) ಇವುಗಳಿಗೆ ಸಿಬ್ಬಂದಿಯನ್ನು ಇಟ್ಟುಕೊಳ್ಳುವುದು ಹಳೆಯ ಅಭ್ಯಾಸವಲ್ಲವೇ, ಆ ಹಣವನ್ನು ಯಂತ್ರಗಳಿಗೆ ವಿನಿಯೋಗಿಸಬಾರದೇ ಎಂದು ಕೇಳಿದ್ದೀರಿ. ಪ್ರಶ್ನೆಯ ಹಿಂದಿರುವ ಕಾಳಜಿ ನಮ್ಮದೂ ಹೌದು. ತೀರ್ಮಾನವನ್ನು ಮಾತ್ರ ಒಪ್ಪಲಾರೆವು.

ಯಂತ್ರಗಳ ಉಪಯೋಗವನ್ನು ನಾವು ಅಲ್ಲಗಳೆಯುವುದಿಲ್ಲ. ಬಾರ್‌ಕೋಡನ್ನು ಒಂದೊಂದಾಗಿ ಓದುಗಯಂತ್ರದ ಎದುರು ಹಿಡಿಯಬೇಕು. ಆರ್‌ಎಫ್‌ಐಡಿ ಎಂಬ, ಪುಸ್ತಕಕ್ಕೆ ಅಂಟಿಸುವ ಚಿಪ್ ಇರುವ ಚೀಟಿಯನ್ನಾದರೋ ರೇಡಿಯೋ ತರಂಗಗಳಿಂದ ಓದುವುದರಿಂದ ಹಲವು ಪುಸ್ತಕಗಳನ್ನು ಒಟ್ಟಿಗೇ ದಾಖಲಿಸಬಹುದು, ತಪ್ಪು ಕಪಾಟಿನಲ್ಲಿ ಸೇರಿಕೊಂಡ ಪುಸ್ತಕವನ್ನೂ ಪತ್ತೆಹಚ್ಚಬಹುದು. ಆದರೆ ಆ ಚೀಟಿಯಲ್ಲಿ ಮುಖ್ಯವಾಗಿ ಇರುವುದು ಒಂದು ಗುರುತಿನ ಸಂಖ್ಯೆ. ಆ ಸಂಖ್ಯೆಯ ಪುಸ್ತಕ ಯಾವುದು, ಯಾರದು, ಯಾವ ವಿಷಯದ್ದು ಎಂಬುದನ್ನು ಹೇಳುವುದು ಸೂಚಿಯೇ.

ಗ್ರಂಥಾಲಯಗಳು ಕಂಡ ಅತಿ ದೊಡ್ಡ ತಾಂತ್ರಿಕ ಹೊಸತನವೂ ಈ ಸೂಚಿಯಲ್ಲೇ ನಡೆಯಿತು. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಆವ್ರಮ್ ಎಂಬ ಕಂಪ್ಯೂಟರ್ ಪ್ರೋಗ್ರಾಮರ್ ಮುಂದೆ ನಿಂತು ‘ಮಾರ್ಕ್’ ಎಂಬ ದಾಖಲೆಯ ರೂಪವನ್ನು ಬೆಳೆಸಿದರು. ಪುಸ್ತಕದ ವಿವರಗಳಲ್ಲಿ ಪ್ರತಿಯೊಂದಕ್ಕೂ ಅದರಲ್ಲಿ ಸಂಖ್ಯೆಯಿಂದ ಗುರುತಿಸಿದ, ಗೊತ್ತಾದ ಜಾಗವಿದೆ: 245ರಲ್ಲಿ ಶೀರ್ಷಿಕೆ, 650ರಲ್ಲಿ ವಿಷಯ. ಒಂದು ಗ್ರಂಥಾಲಯ ಸಿದ್ಧಪಡಿಸಿದ ದಾಖಲೆಯನ್ನು ಇನ್ನೊಂದರ ಕಂಪ್ಯೂಟರು ಓದಬಲ್ಲದ್ದಾದದ್ದು ಇದರಿಂದ. 1967ರಲ್ಲಿ ಒಹಾಯೋದಲ್ಲಿ ಕಾಲೇಜು ಗ್ರಂಥಾಲಯಗಳ ಸಹಕಾರ ಸಂಸ್ಥೆಯಾಗಿ ಹುಟ್ಟಿದ ಒಸಿಎಲ್‌ಸಿ, 1971ರಲ್ಲಿ ಹಂಚಿಕೆಯ ಸೂಚೀಕರಣವನ್ನು ಕಂಪ್ಯೂಟರ್ ಜಾಲದ ಮೇಲೆ ಆರಂಭಿಸಿತು. ಒಬ್ಬರು ಶ್ರದ್ಧೆಯಿಂದ ಮಾಡಿಟ್ಟ ಕೆಲಸ ಅಂದಿನಿಂದ ಎಲ್ಲರಿಗೂ ಒದಗತೊಡಗಿತು. ಅದೇ ಸಂಸ್ಥೆ ಸೂಚಿಯ ಕಾರ್ಡುಗಳ ಮುದ್ರಣವನ್ನು ನಿಲ್ಲಿಸಿದ್ದು 2015ರಲ್ಲಿ. ಹೋದದ್ದು ಕಾರ್ಡು, ಅದರ ಮೇಲಿದ್ದ ವಿವರಗಳನ್ನು ವಿಚಾರಿಸಿ ಬರೆಯುವ ಕೆಲಸ ಹಾಗೆಯೇ ಉಳಿದಿದೆ.

ಹುಡುಕುಯಂತ್ರ ಈ ಕೆಲಸವನ್ನು ತಾನೇ ಮಾಡಿಬಿಡುತ್ತದೆ ಎಂಬ ತಮ್ಮ ಮಾತನ್ನು ಪರಿಶೀಲಿಸೋಣ. ಒಬ್ಬನೇ ಲೇಖಕನ ಹೆಸರನ್ನು ಒಂದು ಮುದ್ರಣದಲ್ಲಿ ‘ಚೆಕಾಫ್’ ಎಂದೂ ಇನ್ನೊಂದರಲ್ಲಿ ‘ಚೆಖೋವ್’ ಎಂದೂ ಬರೆದಿರಬಹುದು. ಒಂದೇ ಹೆಸರಿನ ಇಬ್ಬರು ಲೇಖಕರೂ ಇರಬಹುದು. ಮೊದಲನೆಯದನ್ನು ಕೂಡಿಸಿ ಎರಡನೆಯದನ್ನು ಬೇರ್ಪಡಿಸಲು ಪುಸ್ತಕವನ್ನು ಕೈಗೆತ್ತಿಕೊಂಡು ನೋಡಿ ನಿರ್ಧರಿಸಿದ ಒಬ್ಬ ಗ್ರಂಥಪಾಲಕರು ಎಲ್ಲೋ ಒಂದು ಕಡೆ ಇದ್ದೇ ಇರುತ್ತಾರೆ. ಯಂತ್ರ ಈ ಕೆಲಸದಲ್ಲಿ ಇಂದು ನೆರವಾಗಬಲ್ಲದು, ಆಗಬೇಕು ಕೂಡ. ಆದರೆ ಅದರ ಸಲಹೆ ಸರಿಯೇ ಎಂದು ಹೇಳಬಲ್ಲವರು ಇಲ್ಲದ ಕಡೆ ತಪ್ಪುಗಳು ಅಷ್ಟೇ ವೇಗವಾಗಿ ಹರಡುತ್ತವೆ.

ಇದಕ್ಕಿಂತ ನಮ್ಮನ್ನು ಹೆಚ್ಚು ಚಿಂತೆಗೀಡುಮಾಡುವುದು ಒಡೆತನದ ಪ್ರಶ್ನೆ. ಮುದ್ರಿತ ಪುಸ್ತಕವನ್ನು ಕೊಂಡ ಗ್ರಂಥಾಲಯ ಅದು ಹರಿಯುವವರೆಗೆ ಎರವಲು ಕೊಡಬಹುದು. ಇ-ಪುಸ್ತಕದಲ್ಲಿ ಅದಕ್ಕೆ ಸಾಮಾನ್ಯವಾಗಿ ಸಿಗುವುದು ಪರವಾನಗಿ ಮಾತ್ರ. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಪ್ರಕಾಶನವು ತನ್ನ ಇ-ಪುಸ್ತಕದ ಪರವಾನಗಿ 26 ಎರವಲುಗಳಿಗೆ ಮುಗಿಯುತ್ತದೆಂದು ಗೊತ್ತುಪಡಿಸಿದಾಗ ಗ್ರಂಥಪಾಲಕರು ತೀವ್ರವಾಗಿ ಪ್ರತಿಭಟಿಸಿದ್ದು ಇದೇ ಕಾರಣಕ್ಕೆ. ತಂತ್ರಾಂಶದ ವಿಷಯವೂ ಬೇರೆಯಲ್ಲ. ತನ್ನ ದಾಖಲೆಗಳನ್ನೇ ಪೂರ್ತಿಯಾಗಿ ಹೊರತೆಗೆಯಲಾಗದ ಗ್ರಂಥಾಲಯ, ಮಾರಾಟಗಾರ ಹೇಳಿದ ಬೆಲೆಗೆ ತಲೆಬಾಗಬೇಕಾಗುತ್ತದೆ. ಇದಕ್ಕೆ ಉತ್ತರ ಬಂದದ್ದು ಒಂದು ಸಣ್ಣ ಸಂಸ್ಥೆಯಿಂದ ಎಂಬುದು ನಮಗೆ ಬಹಳ ಮೆಚ್ಚುಗೆಯಾದ ಸಂಗತಿ. ನ್ಯೂಜಿಲೆಂಡಿನ ಹೊರೊಫೆನುವಾ ಗ್ರಂಥಾಲಯ ಟ್ರಸ್ಟಿನ ಹಳೆಯ ತಂತ್ರಾಂಶ 2000ನೇ ಇಸವಿಯನ್ನು ದಾಟುವಂತಿರಲಿಲ್ಲ. ಟ್ರಸ್ಟು 1999ರಲ್ಲಿ ‘ಕೋಹಾ’ ಎಂಬ ಗ್ರಂಥಾಲಯ ತಂತ್ರಾಂಶವನ್ನು ಬರೆಯಿಸಿತು, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ತಂತ್ರಾಂಶವಾಗಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಇಂದು ಅದು ಹಲವಾರು ದೇಶಗಳಲ್ಲಿ ಬಳಕೆಯಲ್ಲಿದೆ.

2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ನಡೆದ ಸೈಬರ್ ದಾಳಿಯನ್ನು ತಾವು ಗಮನಿಸಿರಬಹುದು. ಪುಸ್ತಕಗಳು ಇದ್ದಲ್ಲೇ ಸುರಕ್ಷಿತವಾಗಿದ್ದವು. ಸೂಚಿ ಮತ್ತು ಅದಕ್ಕೆ ಹೊಂದಿಕೊಂಡ ವ್ಯವಸ್ಥೆಗಳು ನಿಂತುಹೋದದ್ದರಿಂದ ಅವುಗಳಲ್ಲಿ ಬಹಳಷ್ಟು ಓದುಗರ ಕೈಗೆಟುಕದಾದವು. ಮುಖ್ಯ ಸೂಚಿ ಜಾಲಕ್ಕೆ ಮರಳಿದ್ದು 2024ರ ಜನವರಿಯಲ್ಲಿ, ಅದೂ ಹುಡುಕಲು ಮಾತ್ರ. ನಡೆದದ್ದನ್ನು ಮುಚ್ಚಿಡದೆ ಆ ಗ್ರಂಥಾಲಯ ಮಾರ್ಚ್‌ನಲ್ಲಿ ಪ್ರಕಟಿಸಿದ ವರದಿ, ದತ್ತಾಂಶದ ಪ್ರತಿಗಳು ಸುರಕ್ಷಿತವಾಗಿದ್ದರೂ ಅವನ್ನು ಮರುಸ್ಥಾಪಿಸಲು ತಕ್ಕ ವ್ಯವಸ್ಥೆ ಇರಲಿಲ್ಲವೆಂದೂ, ಹಳೆಯ ತಂತ್ರಾಂಶಗಳು ಚೇತರಿಕೆಗೆ ತೊಡಕಾದವೆಂದೂ ಸ್ಪಷ್ಟವಾಗಿ ಹೇಳಿದೆ.

ಆದ್ದರಿಂದ ಯಂತ್ರ ಬೇಡವೆಂದು ನಾವು ಹೇಳುತ್ತಿಲ್ಲ. ಕೊಳ್ಳುವ ಒಪ್ಪಂದದಲ್ಲಿ ಕೆಲವು ಮಾತುಗಳು ಮೊದಲೇ ಬರೆದಿರಲಿ ಎನ್ನುತ್ತೇವೆ: ಎಲ್ಲ ದಾಖಲೆಗಳನ್ನೂ ಮಾರ್ಕ್ ರೂಪದಲ್ಲಿ ಯಾವಾಗ ಬೇಕಾದರೂ ಹೊರತೆಗೆಯುವ ಹಕ್ಕು ಗ್ರಂಥಾಲಯಕ್ಕಿರಬೇಕು, ಪುಸ್ತಕ ಹಿಂದಿರುಗಿದ ಮೇಲೆ ಯಾರು ಏನು ಓದಿದರೆಂಬ ದಾಖಲೆಯನ್ನು ಅಳಿಸುವ ಏರ್ಪಾಡಿರಬೇಕು, ಯಂತ್ರದ ಬೆಲೆಯ ಜೊತೆಗೆ ಅದನ್ನು ನೋಡಿಕೊಳ್ಳುವ ಸಿಬ್ಬಂದಿಯ ತರಬೇತಿಗೂ ಹಣ ತೆಗೆದಿಟ್ಟಿರಬೇಕು. ತಾವು ಹೋಗುವ ಗ್ರಂಥಾಲಯದಲ್ಲಿ ಹೊಸ ಯಂತ್ರ ಬಂದಾಗ ಈ ಮೂರನ್ನು ವಿಚಾರಿಸಿ, ಸಿಕ್ಕ ಉತ್ತರವನ್ನು ನಮಗೆ ಬರೆದು ಕಳಿಸಬೇಕೆಂದು ಕೋರುತ್ತೇವೆ.

– ಸಂಪಾದಕ